ಬೀಳದೆ ತಿರುಗುವುದು ಹೇಗೆ?

ಚೀನಾ ದೇಶದ ಹೆನಾನ್ ಪ್ರಾಂತದಲ್ಲಿ ಸೊಂಗ್‌ಶಾನ್ ಎಂಬ ಪರ್ವತವಿದೆ. ಅಲ್ಲಿರುವ ಶಾವೊಲಿನ್ ವಿಹಾರದ ಒಂದು ಮಂದಿರದಲ್ಲಿ, ಹಾಸುನೆಲದ ಮೇಲೆ ಸಾಲುಸಾಲಾಗಿ ತಗ್ಗುಗಳು ಕಾಣುತ್ತವೆ. ಭಿಕ್ಷುಗಳು ತಲೆಮಾರುಗಳ ಕಾಲ ಅವೇ ಜಾಗಗಳಲ್ಲಿ ಕಾಲೂರಿ ಅಭ್ಯಾಸ ಮಾಡಿದುದರಿಂದ ನೆಲ ಹಾಗೆ ತಗ್ಗಿತೆಂದು ಅಲ್ಲಿನವರು ಹೇಳುತ್ತಾರೆ. ಕುಂಗ್ ಫು ಎಂಬ ಮಾತಿಗೆ ಚೀನೀ ಭಾಷೆಯಲ್ಲಿ ಕಾದಾಟವೆಂಬ ಅರ್ಥ ಮೊದಲಿನಿಂದ ಬಂದುದಲ್ಲ. ಕಾಲವನ್ನೂ ಶ್ರಮವನ್ನೂ ವ್ಯಯಿಸಿ ಗಳಿಸಿದ ಕೌಶಲವೆಂಬುದೇ ಅದರ ಮೂಲಾರ್ಥ. ಯುದ್ಧಕಲೆಗೆ ಅಲ್ಲಿ ವೂಶು ಎಂಬ ಬೇರೆ ಹೆಸರೇ ಉಂಟು. ೧೯೯೦ರಲ್ಲಿ ಬೀಜಿಂಗಿನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಅದು ಮೊದಲ ಸಲ ಸ್ಪರ್ಧೆಯಾಗಿ ಸೇರಿತು.

ಈ ವಿದ್ಯೆಯ ಇತಿಹಾಸವನ್ನು ಹೇಳುವುದು ನಮ್ಮ ಉದ್ದೇಶವಲ್ಲ. ಅದನ್ನು ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ಪ್ರಯೋಗಶಾಲೆಗೆ ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆತನು ಎರಡು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದನು. ನಿಂತಲ್ಲಿ ಗುದ್ದುವುದು, ಒದೆಯುವುದು ಎಲ್ಲವೂ ಸರಿ. ಆದರೆ ಹಿಂದಕ್ಕೆ ತಿರುಗಬೇಕಾದಾಗಲೆಲ್ಲ ತೂರಾಡುತ್ತಿದ್ದನು. ಇತ್ತೀಚೆಗೆ ಬಲ ಮೊಣಕಾಲಿನ ಒಳಗಡೆ ನೋವೂ ಆರಂಭವಾಗಿತ್ತು. “ಸರ್, ಹುಟ್ಟಿನಿಂದಲೇ ನನಗೆ ಸಮತೋಲವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಬಿಟ್ಟುಬಿಡಲೆ?” ಎಂದು ಕೇಳಿದನು.

ಸಮತೋಲವೆಂಬುದು ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬರುವ ಸ್ವತ್ತೇ? ಅಥವಾ ಕಾರಣಗಳನ್ನು ತಿಳಿದು ತಿದ್ದಿಕೊಳ್ಳಬಹುದಾದ ಕ್ರಿಯೆಯೇ? ನಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದ ನಾಲ್ಕೈದು ನಿಯಮಗಳು ಇದಕ್ಕೆ ಉತ್ತರ ಹೇಳಬಲ್ಲವು. ಅವನ್ನು ಒಂದೊಂದಾಗಿ ನೋಡೋಣ.

ನಿಲ್ಲುವುದೆಂದರೇನು?

ಯಾವ ವಸ್ತುವಾದರೂ ನಿಲ್ಲಬೇಕಾದರೆ, ಅದರ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಅದರ ಆಧಾರದ ಎಲ್ಲೆಯೊಳಗೆ ಬೀಳಬೇಕು. ನೆಟ್ಟಗೆ ನಿಂತ ಮನುಷ್ಯನ ಗುರುತ್ವ ಕೇಂದ್ರವು ನೆಲದಿಂದ ಅವನ ಎತ್ತರದ ನೂರಕ್ಕೆ ಸುಮಾರು ೫೫ ಭಾಗದಲ್ಲಿ, ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ದೇಹದ ಒಳಗಿರುತ್ತದೆ. ಚೀನೀ ಗುರುಗಳು ಇದೇ ಸುತ್ತಿನ ಸ್ಥಳವನ್ನು ದಾಂಟಿಯೆನ್ ಎಂದು ಕರೆದು, ಮನಸ್ಸನ್ನು ಅಲ್ಲಿಗೆ ಇಳಿಸಬೇಕೆಂದು ಶಿಷ್ಯರಿಗೆ ಬೋಧಿಸುತ್ತಾರೆ. ಅವರ ವಿವರಣೆ ಬೇರೆ, ನಮ್ಮದು ಬೇರೆ. ಆದರೂ ಗಮನವನ್ನು ಗುರುತ್ವ ಕೇಂದ್ರದ ಬಳಿಯಲ್ಲಿಡು ಎಂಬ ಸಲಹೆಯಲ್ಲಿ ತಪ್ಪೇನೂ ಇಲ್ಲ.

ಆಧಾರವೆಂದರೆ ಕೇವಲ ಅಂಗಾಲುಗಳ ಅಚ್ಚಲ್ಲ. ಎರಡೂ ಪಾದಗಳನ್ನು ಸುತ್ತುವರಿದು ಒಂದು ದಾರವನ್ನು ಬಿಗಿದರೆ ಅದರೊಳಗೆ ಸಿಕ್ಕುವ ಇಡೀ ಜಾಗವೇ ಆಧಾರ. ಗುರುತ್ವ ಕೇಂದ್ರದ ಎತ್ತರವನ್ನೂ, ಆಧಾರದ ಅಂಚಿಗೆ ಅದರ ಲಂಬರೇಖೆಯಿಂದ ಇರುವ ದೂರವನ್ನೂ ತಿಳಿದರೆ, ದೇಹವು ಎಷ್ಟು ಡಿಗ್ರಿ ವಾಲಿದಾಗ ಬೀಳುತ್ತದೆಂಬುದನ್ನು ಲೆಕ್ಕ ಹಾಕಬಹುದು.

ಪಾದಗಳನ್ನು ಜೋಡಿಸಿ ನಿಂತವನ ಗುರುತ್ವ ಕೇಂದ್ರ ೯೦ ಸೆಂ.ಮೀ. ಎತ್ತರದಲ್ಲಿದ್ದು, ಅಂಚು ೧೨ ಸೆಂ.ಮೀ. ದೂರದಲ್ಲಿದ್ದರೆ, ಸುಮಾರು ೭೧/೨ ಡಿಗ್ರಿ ವಾಲಿದೊಡನೆ ಆತನು ಬೀಳುತ್ತಾನೆ. ಈಗ ಕುಂಗ್ ಫುವಿನ ಮೊದಲ ಪಾಠವಾದ ಮಾಬು, ಅಂದರೆ ಕುದುರೆ ನಿಲುವನ್ನು ಪರೀಕ್ಷಿಸೋಣ. ಕುದುರೆಯ ಮೇಲೆ ಕುಳಿತವನಂತೆ ಕಾಲುಗಳನ್ನು ಅಗಲಿಸಿ, ಮೊಣಕಾಲು ಮಡಿಸಿ ತಗ್ಗುವುದೇ ಈ ನಿಲುವು. ಕೇಂದ್ರವು ೬೫ ಸೆಂ.ಮೀ.ಗೆ ಇಳಿದು, ಪಕ್ಕದ ಅಂಚು ೪೦ ಸೆಂ.ಮೀ. ದೂರಕ್ಕೆ ಹೋದರೆ, ಪಕ್ಕಕ್ಕೆ ಬೀಳಲು ೩೧ ಡಿಗ್ರಿಗೂ ಹೆಚ್ಚು ವಾಲಬೇಕು. ಆದರೆ ಅದೇ ನಿಲುವಿನಲ್ಲಿ ಮುಂದಕ್ಕೂ ಹಿಂದಕ್ಕೂ ಇರುವ ಆಧಾರ ಪಾದದ ಉದ್ದವಷ್ಟೆ. ಆ ದಿಕ್ಕಿನಲ್ಲಿ ಸುಮಾರು ೧೦ ಡಿಗ್ರಿಯೇ ಮಿತಿ. ಕುದುರೆ ನಿಲುವಿನಲ್ಲಿ ಕಲ್ಲಿನಂತೆ ನಿಂತವನನ್ನು ಎದೆಯ ಮೇಲೆ ಒಂದು ಬೆರಳಿನಿಂದ ತಳ್ಳಿದರೆ ಹಿಂದಕ್ಕೆ ತತ್ತರಿಸುವುದಕ್ಕೆ ಇದೇ ಕಾರಣ.

ಇನ್ನೊಂದು ಮುಖ್ಯ ನಿಲುವು ಗೊಂಗ್‌ಬು, ಅಂದರೆ ಬಿಲ್ಲು ನಿಲುವು. ಮುಂಗಾಲಿನ ಮೊಣಕಾಲು ಮಡಿಸಿರುತ್ತದೆ. ಹಿಂಗಾಲು ನೆಟ್ಟಗೆ ಚಾಚಿರುತ್ತದೆ. ಭಾರದ ಹೆಚ್ಚಿನ ಪಾಲು ಮುಂದಿನ ಕಾಲಿನ ಮೇಲೆ. ಇದು ಹಿಂದುಮುಂದಿಗೆ ಬಲವಾದುದು, ಪಕ್ಕಕ್ಕೆ ದುರ್ಬಲವಾದುದು. ಎಲ್ಲ ದಿಕ್ಕಿಗೂ ಸಮನಾಗಿ ಗಟ್ಟಿಯಾದ ನಿಲುವು ಎರಡು ಕಾಲಿನ ಪ್ರಾಣಿಗೆ ಸಾಧ್ಯವೇ ಇಲ್ಲ. ಇದನ್ನು ನೆನಪಿನಲ್ಲಿಡಬೇಕು. ತಿರುಗುವುದೆಂದರೆ ದೇಹದ ಗಟ್ಟಿ ದಿಕ್ಕು ಮತ್ತು ದುರ್ಬಲ ದಿಕ್ಕುಗಳೆರಡನ್ನೂ ಕ್ಷಣಾರ್ಧದಲ್ಲಿ ಬದಲಾಯಿಸುವುದೇ ಆಗಿದೆ.

ಸೀಮೆಸುಣ್ಣದ ಗೆರೆ

ನಮ್ಮ ವಿದ್ಯಾರ್ಥಿಗೆ ಬಿಲ್ಲು ನಿಲುವಿನಲ್ಲಿ ನಿಂತು ಹಿಂದಕ್ಕೆ ತಿರುಗಿ ತೋರಿಸೆಂದೆವು. ತಿರುಗಿದನು, ಎಂದಿನಂತೆ ತೂರಾಡಿದನು. ಬಳಿಕ ನೆಲದ ಮೇಲೆ ಒಂದು ಗೆರೆ ಎಳೆದು ಆತನ ಪಾದಗಳ ಸ್ಥಾನವನ್ನು ಗುರುತಿಸಿದೆವು. ರಹಸ್ಯವು ಅಲ್ಲಿಯೇ ಬಯಲಾಯಿತು. ವಾಚಕರೂ ಇದನ್ನು ಮಾಡಿ ನೋಡಬಹುದು.

ಪೂರ್ವ-ಪಶ್ಚಿಮವಾಗಿ ಒಂದು ಗೆರೆ ಎಳೆಯಿರಿ. ಪೂರ್ವಕ್ಕೆ ಮುಖ ಮಾಡಿ, ಎಡಗಾಲನ್ನು ಮುಂದಿಟ್ಟು ಬಿಲ್ಲು ನಿಲುವಿನಲ್ಲಿ ನಿಲ್ಲಿರಿ. ಎಡಪಾದವು ಗೆರೆಗಿಂತ ೧೦ ಸೆಂ.ಮೀ. ಎಡಕ್ಕೆ, ಅಂದರೆ ಉತ್ತರಕ್ಕಿರಲಿ. ಹಿಂದಿರುವ ಬಲಪಾದವು ಗೆರೆಗಿಂತ ೧೦ ಸೆಂ.ಮೀ. ದಕ್ಷಿಣಕ್ಕಿರಲಿ. ಪಾದಗಳ ನಡುವೆ ೨೦ ಸೆಂ.ಮೀ. ಅಗಲವಿರುವುದರಿಂದ ನಿಲುವು ಸುಖವಾಗಿರುತ್ತದೆ. ಈಗ ಪಾದಗಳನ್ನು ಎತ್ತಿಡದೆ, ಇದ್ದಲ್ಲಿಯೇ ಹೊರಳಿಸಿ, ಬಲಗಡೆಯಿಂದ ಪಶ್ಚಿಮಕ್ಕೆ ತಿರುಗಿರಿ. ಈಗ ಮುಂದಿರುವುದು ಬಲಗಾಲು. ಆದರೆ ಪಶ್ಚಿಮಕ್ಕೆ ಮುಖ ಮಾಡಿದವನಿಗೆ ದಕ್ಷಿಣ ದಿಕ್ಕು ಎಡಗಡೆ. ಬಲಪಾದವಿರುವುದು ಗೆರೆಯ ದಕ್ಷಿಣಕ್ಕೆ. ಎಂದರೆ ಬಲಗಾಲು ದೇಹದ ಎಡಕ್ಕೂ ಎಡಗಾಲು ದೇಹದ ಬಲಕ್ಕೂ ಬಂದಿವೆ! ಕಾಲುಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟಿವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪಾದಗಳು ಇದ್ದಲ್ಲಿಯೇ ಇರುವಾಗ ಅವುಗಳ ಸುತ್ತಣ ಆಧಾರವು ಕಿರಿದಾಗಲಿಲ್ಲವಲ್ಲ? ನಿಜ. ಆಧಾರ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಕಿರಿದಾದುದು ಕಾಲುಗಳ ಸ್ವಾತಂತ್ರ್ಯ. ನಾವು ವಾಲಿದಾಗ ಬೀಳದಿರುವುದು ಗೊಂಬೆಯಂತೆ ನಿಶ್ಚಲವಾಗಿರುವುದರಿಂದಲ್ಲ. ವಾಲಿದ ಕಡೆಗೆ ನೆಲವನ್ನು ಒತ್ತಿ, ಬೇಕಾದರೆ ಒಂದು ಹೆಜ್ಜೆ ಇಟ್ಟು ಸರಿಪಡಿಸಿಕೊಳ್ಳುವುದರಿಂದ. ದಾಟಿದ ಕಾಲುಗಳಲ್ಲಿ ಒಂದಕ್ಕೊಂದು ಅಡ್ಡ. ಹೆಜ್ಜೆಯಿಡಲು ದಾರಿಯಿಲ್ಲ. ಸೊಂಟವು ಎದುರಿಗೆ ತಿರುಗಲೊಲ್ಲದು. ಮೊಣಕಾಲು ಕಾಲ್ಬೆರಳುಗಳ ದಿಕ್ಕನ್ನು ಬಿಟ್ಟು ಒಳಕ್ಕೆ ಕುಸಿಯುತ್ತದೆ. ಆತನ ಮೊಣಕಾಲಿನ ನೋವಿಗೂ ತೂರಾಟಕ್ಕೂ ಇದ್ದ ಸಂಬಂಧ ಇದೇ.

ಇದಕ್ಕೆ ಪರಿಹಾರವೂ ಗೆರೆಯಲ್ಲೇ ಇದೆ. ಎಡಪಾದ ಗೆರೆಗಿಂತ ೧೦ ಸೆಂ.ಮೀ. ಉತ್ತರಕ್ಕಿದೆ. ಪಶ್ಚಿಮಕ್ಕೆ ತಿರುಗಿದ ಬಳಿಕ ಬಲಪಾದವು ಅದಕ್ಕಿಂತಲೂ ೨೦ ಸೆಂ.ಮೀ. ಉತ್ತರಕ್ಕೆ, ಅಂದರೆ ಗೆರೆಯಿಂದ ೩೦ ಸೆಂ.ಮೀ. ಉತ್ತರಕ್ಕೆ ಇರಬೇಕು. ಈಗಿರುವುದು ೧೦ ಸೆಂ.ಮೀ. ದಕ್ಷಿಣಕ್ಕೆ. ಆದುದರಿಂದ ತಿರುಗುವ ಮುನ್ನವೇ ಹಿಂಗಾಲನ್ನು ಅಡ್ಡಲಾಗಿ ೪೦ ಸೆಂ.ಮೀ. ಸರಿಸಬೇಕು; ಎಂದರೆ ನಿಲುವಿನ ಅಗಲದ ಎರಡರಷ್ಟು. ವಿದ್ಯಾರ್ಥಿಯು ಹಾಗೆ ಸರಿಸಿ ತಿರುಗಿದನು. ತೂರಾಟ ಅರ್ಧಕ್ಕರ್ಧ ಕಡಮೆಯಾಯಿತು. ಹುಟ್ಟಿನಿಂದ ಬಂದುದೆಂದು ಭಾವಿಸಿದ್ದ ದೋಷವು ನಲವತ್ತು ಸೆಂಟಿಮೀಟರಿನ ದೋಷವಾಗಿತ್ತು!

ತಿರುವು ಎಲ್ಲಿಂದ ಬರುತ್ತದೆ?

ಉಳಿದ ಅರ್ಧದ ಕಥೆಯೇನು? ಇದಕ್ಕೆ ತಿರುವಿನ ಮೂಲವನ್ನು ಹುಡುಕಬೇಕು. ಹೆಗಲನ್ನು ಬೀಸಿದರೆ ದೇಹ ತಿರುಗುತ್ತದೆಂದು ಹೊಸಬರು ಭಾವಿಸುತ್ತಾರೆ. ನ್ಯೂಟನ್ನನ ನಿಯಮಗಳು ಇದನ್ನು ಒಪ್ಪುವುದಿಲ್ಲ. ಒಳಗಿನ ಬಲಗಳಿಂದ ದೇಹದ ಒಟ್ಟು ತಿರುಗುವಿಕೆ, ಅಂದರೆ ಕೋನೀಯ ಸಂವೇಗ, ಹುಟ್ಟಲಾರದು. ಹೆಗಲು ಬಲಕ್ಕೆ ಹೋದರೆ ಸೊಂಟವು ಎಡಕ್ಕೆ ಹೋಗಬಯಸುತ್ತದೆ. ಚಕ್ರವಿರುವ ತಿರುಗುಕುರ್ಚಿಯಲ್ಲಿ ಕಾಲೆತ್ತಿ ಕುಳಿತು ಹೆಗಲನ್ನು ಬೀಸಿದರೆ ಇದು ಸ್ಪಷ್ಟವಾಗುತ್ತದೆ. ತಿರುವನ್ನು ಕೊಡಬಲ್ಲುದು ಹೊರಗಿನ ವಸ್ತುವೊಂದೇ, ಅದು ನೆಲ. ಪಾದವು ನೆಲವನ್ನು ಒಂದು ಕಡೆಗೆ ಉಜ್ಜುತ್ತದೆ; ಘರ್ಷಣೆಯ ಮೂಲಕ ನೆಲವು ದೇಹವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ.

ಎರಡು ಪಾದಗಳು ೮೦ ಸೆಂ.ಮೀ. ಅಂತರದಲ್ಲಿದ್ದು, ಒಂದು ಮುಂದಕ್ಕೂ ಮತ್ತೊಂದು ಹಿಂದಕ್ಕೂ ೫೦ ನ್ಯೂಟನ್ ಬಲದಿಂದ ನೆಲವನ್ನು ತಳ್ಳಿದರೆ, ಆ ಬಲಯುಗ್ಮದ ಭ್ರಾಮಕವು ೪೦ ನ್ಯೂಟನ್-ಮೀಟರ್. ಒಂದೇ ಪಾದದ ಮೇಲೆ ನಿಂತು, ಅದರ ಹಿಮ್ಮಡಿಯಿಂದಲೂ ಮುಂಭಾಗದಿಂದಲೂ ಅಷ್ಟೇ ಬಲದಿಂದ ತಳ್ಳಿದರೆ, ಅಂತರವು ೨೦ ಸೆಂ.ಮೀ. ಮಾತ್ರವಾದುದರಿಂದ ಭ್ರಾಮಕವು ೧೦ ನ್ಯೂಟನ್-ಮೀಟರ್. ನಾಲ್ಕರಲ್ಲಿ ಒಂದು ಪಾಲು. ಆದುದರಿಂದ ತಿರುಗಲು ಬೇಕಾದ ತಳ್ಳನ್ನು ಎರಡೂ ಕಾಲುಗಳು ನೆಲದ ಮೇಲಿರುವಾಗಲೇ ಪಡೆಯಬೇಕು. ಕುದುರೆ ನಿಲುವಿನಿಂದ ಬಿಲ್ಲು ನಿಲುವಿಗೆ ಸೊಂಟವನ್ನು ತಿರುಗಿಸುತ್ತ ಗುದ್ದುವ ಅಭ್ಯಾಸವನ್ನು ಗುರುಗಳು ನೂರಾರು ಸಲ ಮಾಡಿಸುವುದರ ಫಲವೂ ಇದೇ. ಹಿಂಗಾಲು ನೆಲವನ್ನು ತಳ್ಳುತ್ತದೆ, ಸೊಂಟ ಹೊರಳುತ್ತದೆ, ಹೆಗಲು ಹಿಂಬಾಲಿಸುತ್ತದೆ, ಕೈ ಕೊನೆಗೆ ಬರುತ್ತದೆ.

ಆದರೆ ಹೊರಳುವಾಗ ಪಾದವು ನೆಲಕ್ಕೆ ಅಂಟಿಕೊಂಡಿದ್ದರೆ ಅದೇ ಘರ್ಷಣೆಯು ಶತ್ರುವಾಗುತ್ತದೆ. ೬೦ ಕಿಲೋಗ್ರಾಂ ತೂಕದವನ ಇಡೀ ಭಾರವು ಒಂದೇ ಪಾದದ ಮೇಲಿದೆಯೆಂದೂ, ನೆಲದ ಘರ್ಷಣಾಂಕ ೦.೫ ಎಂದೂ ಇಟ್ಟುಕೊಳ್ಳೋಣ. ೨೫ ಸೆಂ.ಮೀ. ಉದ್ದದ ಅಂಗಾಲೆಲ್ಲ ನೆಲವನ್ನು ಒತ್ತುತ್ತಿದ್ದರೆ, ಅದನ್ನು ಹೊರಳಿಸಲು ಸುಮಾರು ೧೯ ನ್ಯೂಟನ್-ಮೀಟರ್ ಭ್ರಾಮಕ ಬೇಕು. ಹಿಮ್ಮಡಿಯನ್ನು ಕೂದಲೆಳೆಯಷ್ಟು ಎತ್ತಿ, ಅಂಗಾಲಿನ ಮುಂಭಾಗದ ೪ ಸೆಂ.ಮೀ. ತ್ರಿಜ್ಯದ ವೃತ್ತದ ಮೇಲೆ ಹೊರಳಿದರೆ ೮ ನ್ಯೂಟನ್-ಮೀಟರ್ ಸಾಕು. ರಬ್ಬರಿನ ಚಾಪೆಯ ಮೇಲೆ ಘರ್ಷಣಾಂಕವು ದ್ವಿಗುಣವಾದರೆ ಈ ಅಂಕಿಗಳೂ ದ್ವಿಗುಣವಾಗುತ್ತವೆ.

ಈ ಭ್ರಾಮಕವನ್ನೆಲ್ಲ ದಾಟಿಸಬೇಕಾದುದು ಮೊಣಕಾಲು. ತೊಡೆಯ ಬುಡದ ಕೀಲು ಗುಂಡು ಮತ್ತು ಬಟ್ಟಲಿನಂತಿದ್ದು ಎಲ್ಲ ಕಡೆಗೂ ತಿರುಗಬಲ್ಲುದು. ಮೊಣಕಾಲಾದರೋ ಬಾಗಿಲ ಕೀಲಿನಂತೆ. ಮಡಿಸುವುದೂ ಚಾಚುವುದೂ ಅದರ ಕೆಲಸ. ಮಡಿಸಿದಾಗ ಸ್ವಲ್ಪ ಹೊರಳೀತು. ನೆಟ್ಟಗಿರುವಾಗ ಹೊರಳುವುದು ಇಲ್ಲವೆಂದೇ ಹೇಳಬಹುದು. ಪಾದವು ನೆಲಕ್ಕೆ ಕಚ್ಚಿಕೊಂಡು ಮೇಲಿನ ದೇಹವು ತಿರುಗಿದಾಗ, ಮೊಣಕಾಲಿನ ಒಳಗಿರುವ ಅಸ್ಥಿರಜ್ಜುಗಳೂ ಮೃದ್ವಸ್ಥಿಯ ಬಿಲ್ಲೆಗಳೂ ಹರಿಯುವ ಅಪಾಯವುಂಟು. ಆಟದ ಬಯಲಿನಲ್ಲಿ ಯಾರೂ ಮುಟ್ಟದೆಯೇ ಆಟಗಾರರು ಮೊಣಕಾಲು ಹಿಡಿದು ಬೀಳುವುದು ಅನೇಕ ವೇಳೆ ಹೀಗೆಯೇ. ಅಸ್ಥಿರಜ್ಜು ಒಮ್ಮೆ ಹರಿದರೆ ಯೌವನದ ಕೆಲವು ವರ್ಷಗಳೇ ಅದಕ್ಕೆ ಬಲಿಯಾಗಬಹುದು. ಆದುದರಿಂದ ಮೊಣಕಾಲು ಸದಾ ಕಾಲ್ಬೆರಳುಗಳ ದಿಕ್ಕನ್ನೇ ನೋಡುತ್ತಿರಬೇಕೆಂಬ ಗುರುಗಳ ಮಾತನ್ನು ಸೌಂದರ್ಯದ ನಿಯಮವೆಂದು ತಿಳಿಯಬಾರದು. ಅದು ಯಂತ್ರಶಾಸ್ತ್ರದ ನಿಯಮ.

ಹಿಮ್ಮಡಿಯ ಮೇಲೆ ಹೊರಳಬೇಕೋ, ಅಂಗಾಲಿನ ಮುಂಭಾಗದ ಮೇಲೆಯೋ ಎಂಬುದರಲ್ಲಿ ಪರಂಪರೆಗಳಿಗೆ ಏಕಾಭಿಪ್ರಾಯವಿಲ್ಲ. ದಕ್ಷಿಣ ಚೀನಾದ ವಿಂಗ್ ಚುನ್ ಪದ್ಧತಿಯ ಶಾಖೆಗಳಲ್ಲಿಯೇ ಭೇದವಿದೆ. ಎರಡರಲ್ಲಿಯೂ ಸಂಪರ್ಕದ ಜಾಗ ಕಿರಿದಾಗುತ್ತದೆಂಬುದೇ ಮುಖ್ಯವಾದುದು. ಹಿಮ್ಮಡಿಯ ಮೇಲೆ ಭಾರವು ಎಲುಬಿನ ನೇರದಲ್ಲಿ ಇಳಿಯುತ್ತದೆ. ಮುಂಭಾಗದ ಮೇಲೆ ಮೀನಖಂಡದ ಸ್ನಾಯುಗಳು ಸಣ್ಣಪುಟ್ಟ ವಾಲುವಿಕೆಯನ್ನು ತಿದ್ದಬಲ್ಲವು.

ಮೂರನೆಯ ಉಪಾಯವೊಂದುಂಟು; ಅದು ಎಲ್ಲಕ್ಕಿಂತ ಸೊಗಸಾದುದು. ೧೯ನೆಯ ಶತಮಾನದಲ್ಲಿ ಬೀಜಿಂಗಿನಲ್ಲಿ ಡೊಂಗ್ ಹೈಚುವಾನ್ ಎಂಬವನು ಬಾಗುವಾ ಝಾಂಗ್ ಎಂಬ ಪದ್ಧತಿಯನ್ನು ಕಲಿಸಿದನು. ಇದರ ಸಾಧಕರು ವೃತ್ತದ ಮೇಲೆ ನಡೆಯುತ್ತಲೇ ಅಭ್ಯಾಸ ಮಾಡುತ್ತಾರೆ. ದಿಕ್ಕು ಬದಲಾಯಿಸಬೇಕಾದಾಗ ನೆಲದ ಮೇಲಿನ ಪಾದವನ್ನು ಹೊರಳಿಸುವುದಿಲ್ಲ. ಎತ್ತಿದ ಪಾದದ ತುದಿಯನ್ನು ಒಳಕ್ಕೆ ತಿರುಗಿಸಿ ಇಡುವುದು ಕೌಬು. ಮುಂದಿನ ಪಾದವನ್ನು ಹೊರಕ್ಕೆ ತಿರುಗಿಸಿ ಇಡುವುದು ಬೈಬು. ಒಂದು ದೊಡ್ಡ ತಿರುವನ್ನು ಎರಡು ಮೂರು ಹೆಜ್ಜೆಗಳಿಗೆ ಹಂಚಿ, ಪ್ರತಿಯೊಂದು ಪಾದವನ್ನೂ ಅದರ ಮೇಲೆ ಭಾರವಿಲ್ಲದಾಗ ಮಾತ್ರ ತಿರುಗಿಸುವ ವಿಧಾನವಿದು. ಗಾಳಿಯಲ್ಲಿರುವ ಪಾದಕ್ಕೆ ಘರ್ಷಣೆಯಿಲ್ಲ, ಮೊಣಕಾಲಿಗೆ ತಿರುಚುವಿಕೆಯಿಲ್ಲ.

ಬುಗುರಿಯ ಭ್ರಮೆ

“ಬುಗುರಿಯು ವೇಗವಾಗಿ ತಿರುಗಿದಷ್ಟೂ ನೆಟ್ಟಗೆ ನಿಲ್ಲುತ್ತದೆ. ನಾನೂ ವೇಗವಾಗಿ ತಿರುಗಿದರೆ ಬೀಳಲಾರೆನಲ್ಲವೆ?” ಎಂದು ವಿದ್ಯಾರ್ಥಿ ಕೇಳಿದನು. ಪ್ರಶ್ನೆ ಜಾಣತನದ್ದು, ಲೆಕ್ಕ ಹಾಕಿ ನೋಡಿದೆವು. ೬೦ ಕಿಲೋಗ್ರಾಂ ತೂಕದ ಮನುಷ್ಯನು ಬುಗುರಿಯಂತೆ ತಿರುಗಿ ತನ್ನಷ್ಟಕ್ಕೆ ನಿಲ್ಲಬೇಕಾದರೆ ಸೆಕೆಂಡಿಗೆ ನಲವತ್ತಕ್ಕೂ ಮಿಕ್ಕಿ ಸುತ್ತುಗಳನ್ನು ಸುತ್ತಬೇಕಾಗುತ್ತದೆ. ನುರಿತವರೂ ಸೆಕೆಂಡಿಗೆ ಕೆಲವೇ ಸುತ್ತುಗಳನ್ನು ಸುತ್ತಬಲ್ಲರು. ಆದುದರಿಂದ ವೇಗವು ನಮ್ಮನ್ನು ಕಾಪಾಡದು. ತಿರುಗುವ ಅಕ್ಷವು ಆರಂಭದಲ್ಲಿಯೇ ಲಂಬವಾಗಿರಬೇಕು. ವಾಲಿದ ಅಕ್ಷದ ಮೇಲೆ ವೇಗವಾಗಿ ತಿರುಗುವವನು ವೇಗವಾಗಿ ಬೀಳುತ್ತಾನೆ, ಅಷ್ಟೆ.

ಇಲ್ಲಿ ತಲೆಯ ಪಾತ್ರ ದೊಡ್ಡದು. ತಲೆಯ ತೂಕ ದೇಹದ ತೂಕದ ನೂರಕ್ಕೆ ಸುಮಾರು ೮ ಪಾಲು. ಪಾದವನ್ನು ನೋಡಲೆಂದು ತಲೆಯನ್ನು ೧೫ ಸೆಂ.ಮೀ. ಮುಂದಕ್ಕೆ ಚಾಚಿದರೆ ಇಡೀ ದೇಹದ ಗುರುತ್ವ ಕೇಂದ್ರವು ೧.೨ ಸೆಂ.ಮೀ. ಸರಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಅಂಗಾಲಿನ ಮುಂಭಾಗದ ಮೇಲೆ ಹೊರಳುವಾಗ ನಮಗಿರುವ ಆಧಾರವು ಎಲ್ಲ ಕಡೆಗೂ ೪ ಸೆಂ.ಮೀ. ಮಾತ್ರ. ಸುಮಾರು ಮೂರನೆಯ ಒಂದು ಪಾಲನ್ನು ತಲೆಯೊಂದೇ ತಿಂದುಹಾಕಿತು! ನೆತ್ತಿಯನ್ನು ದಾರದಿಂದ ಮೇಲಕ್ಕೆ ತೂಗುಹಾಕಿದಂತೆ ನಿಲ್ಲಬೇಕೆಂದು ತಾಯಿ ಚಿ ಗುರುಗಳು ಹೇಳುವುದರ ಅರ್ಥವು ಈಗ ಸ್ಪಷ್ಟವಾಗುತ್ತದೆ.

ಕೈಗಳು ತಿರುವಿನ ವೇಗವನ್ನು ಆಳುತ್ತವೆ. ತಿರುಗುವ ವಸ್ತುವಿನ ಜಡತ್ವ ಭ್ರಾಮಕವು ಅದರ ರಾಶಿಯನ್ನು ಮಾತ್ರವಲ್ಲದೆ, ರಾಶಿಯು ಅಕ್ಷದಿಂದ ಇರುವ ದೂರದ ವರ್ಗವನ್ನೂ ಅವಲಂಬಿಸಿದೆ. ಕೈಯ ನಡುಭಾಗವು ಅಕ್ಷದಿಂದ ೫೦ ಸೆಂ.ಮೀ. ದೂರವಿದ್ದುದನ್ನು ೨೦ ಸೆಂ.ಮೀ.ಗೆ ಎಳೆದುಕೊಂಡರೆ, ಕೈಗಳ ಪಾಲಿನ ಜಡತ್ವ ಭ್ರಾಮಕವು ಆರರಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಕೋನೀಯ ಸಂವೇಗವು ಬದಲಾಗದಿದ್ದರೆ, ಜಡತ್ವ ಭ್ರಾಮಕ ಇಳಿದಂತೆ ವೇಗ ಏರಲೇಬೇಕು. ಆದುದರಿಂದ ಕೈ ಚಾಚಿ ತಿರುವನ್ನು ಆರಂಭಿಸಿ, ಕೈ ಮಡಿಸಿ ತಿರುಗಿ, ಮತ್ತೆ ಕೈ ಚಾಚಿ ನಿಧಾನಿಸಬೇಕು.

ಶುವಾನ್‌ಫೆಂಗ್ ಜ್ಯಾವ್, ಅಂದರೆ ಸುಂಟರಗಾಳಿ ಒದೆಯಲ್ಲಿ ಈ ನಿಯಮವು ಸಂಪೂರ್ಣವಾಗಿ ಪ್ರಕಟವಾಗುತ್ತದೆ. ಇದನ್ನು ವೂಶು ಸ್ಪರ್ಧೆಗಳಲ್ಲಿ ೩೬೦, ೫೪೦, ೭೨೦ ಡಿಗ್ರಿ ಎಂದು ಶ್ರೇಣೀಕರಿಸುತ್ತಾರೆ. ಗುರುತ್ವ ಕೇಂದ್ರವನ್ನು ೫೦ ಸೆಂ.ಮೀ. ಮೇಲೇರಿಸಿ ನೆಗೆದವನು ಗಾಳಿಯಲ್ಲಿರುವುದು ಸುಮಾರು ೦.೬೪ ಸೆಕೆಂಡು. ಅಷ್ಟರಲ್ಲಿ ಒಂದೂವರೆ ಸುತ್ತು ಸುತ್ತಬೇಕಾದರೆ ಸರಾಸರಿ ವೇಗ ಸೆಕೆಂಡಿಗೆ ಎರಡು ಸುತ್ತನ್ನು ಮೀರುತ್ತದೆ. ನೆಲವನ್ನು ಬಿಟ್ಟ ಮೇಲೆ ಹೊಸದಾಗಿ ಕೋನೀಯ ಸಂವೇಗವನ್ನು ಯಾರೂ ಗಳಿಸಲಾರರು. ನೆಲದಿಂದ ಸಾಲದಷ್ಟು ತಿರುವನ್ನು ಪಡೆದು ನೆಗೆದವನು ಅರ್ಧ ತಿರುಗಿದ ದೇಹದೊಡನೆ ಕೆಳಗಿಳಿಯುತ್ತಾನೆ. ಇಳಿದ ಪಾದ ನೆಲಕ್ಕೆ ಕಚ್ಚುತ್ತದೆ, ದೇಹವು ಇನ್ನೂ ತಿರುಗುತ್ತಿರುತ್ತದೆ. ಮೊಣಕಾಲು ನಡುವೆ ಸಿಕ್ಕುತ್ತದೆ. ನೆಲದ ಮೇಲೆ ತಿರುಗಲು ಬಾರದವನು ಗಾಳಿಯಲ್ಲಿ ತಿರುಗಲು ಆತುರಪಡಬಾರದು.

ಕಿವಿ ಮತ್ತು ಕಣ್ಣು

ನಾವು ವಾಲುತ್ತಿದ್ದೇವೆ, ತಿರುಗುತ್ತಿದ್ದೇವೆ ಎಂಬುದು ಮಿದುಳಿಗೆ ತಿಳಿಯುವುದು ಮೂರು ದಾರಿಗಳಿಂದ: ಕಣ್ಣು, ಒಳಗಿವಿ, ಮತ್ತು ಸ್ನಾಯು, ಕೀಲು, ಅಂಗಾಲುಗಳಲ್ಲಿರುವ ಸಂವೇದನೆಗಳು. ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರ ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿವೆ. ಇವು ತಲೆಯ ತಿರುಗುವಿಕೆಯನ್ನು ಅರಿಯುವ ಅಂಗಗಳೆಂಬುದನ್ನು ೧೮೭೦ರ ದಶಕದಲ್ಲಿ ವಿವರಿಸಿದವರಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಒಬ್ಬನು. ಈ ಅಂಗಗಳ ಅಧ್ಯಯನಕ್ಕಾಗಿ ರಾಬರ್ಟ್ ಬಾರಾನಿಗೆ ೧೯೧೪ರ ನೊಬೆಲ್ ಪಾರಿತೋಷಕ ದೊರಕಿತು.

ಒಂದು ಲೋಟದ ನೀರಿಗೆ ಚಿಟಿಕೆ ಚಹಾಪುಡಿ ಹಾಕಿ, ಲೋಟವನ್ನು ಇದ್ದಲ್ಲಿಯೇ ತಿರುಗಿಸಿ ನೋಡಿ. ಮೊದಲು ನೀರು ಹಿಂದೆ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಲೋಟದೊಡನೆ ಸುತ್ತುತ್ತದೆ. ಲೋಟವನ್ನು ನಿಲ್ಲಿಸಿದ ಮೇಲೂ ಸುತ್ತುತ್ತಲೇ ಇರುತ್ತದೆ. ನಾಳಗಳೊಳಗಿನ ದ್ರವವೂ ಹೀಗೆಯೇ. ಅನೇಕ ಸುತ್ತು ಸುತ್ತಿ ತಟ್ಟನೆ ನಿಂತಾಗ, ಅದು ನಾಳದಲ್ಲಿರುವ ಸೂಕ್ಷ್ಮ ಪರದೆಯನ್ನು ವಿರುದ್ಧ ದಿಕ್ಕಿಗೆ ಬಾಗಿಸುತ್ತದೆ. ದೇಹವು ಹಿಮ್ಮುಖವಾಗಿ ತಿರುಗುತ್ತಿದೆಯೆಂಬ ತಪ್ಪು ಸಮಾಚಾರ ಮಿದುಳಿಗೆ ಹೋಗುತ್ತದೆ. ತಲೆಸುತ್ತುವುದಕ್ಕೆ ಇದೇ ಕಾರಣ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಅರ್ಧ ಸುತ್ತು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಆರಂಭದಲ್ಲಿ ಪರದೆ ಒಂದು ಕಡೆಗೆ ಬಾಗಿದ್ದನ್ನು ನಿಲುಗಡೆಯು ಕೂಡಲೆ ಹಿಂದಕ್ಕೆ ತರುತ್ತದೆ, ಲೆಕ್ಕ ಸರಿಹೋಗುತ್ತದೆ. ಆದುದರಿಂದ ಒಂದೇ ತಿರುವಿನಲ್ಲಿ ತೂರಾಡುವ ಆರೋಗ್ಯವಂತ ಯುವಕನು ಕಿವಿಯನ್ನು ದೂರಬಾರದು, ಪಾದವನ್ನು ನೋಡಿಕೊಳ್ಳಬೇಕು. ಸಾಲುಸಾಲಾಗಿ ಸುತ್ತುವಾಗ ಮಾತ್ರ ಕಿವಿಯ ಮಾತು ಮುಖ್ಯವಾಗುತ್ತದೆ.

ಕಣ್ಣಿನ ಕೆಲಸವನ್ನು ಪರೀಕ್ಷಿಸುವುದು ಸುಲಭ. ಗೋಡೆಯ ಬಳಿ ಒಂಟಿ ಕಾಲಿನಲ್ಲಿ ನಿಂತು ಕಣ್ಣು ಮುಚ್ಚಿರಿ. ಕೆಲವೇ ಸೆಕೆಂಡುಗಳಲ್ಲಿ ಕೈ ಗೋಡೆಯನ್ನು ಹುಡುಕುತ್ತದೆ. ತಿರುಗುವಾಗ ದೃಷ್ಟಿ ಜಾರುತ್ತ ಹೋದರೆ ನಾವು ಅರೆಗುರುಡರಾಗಿ ತಿರುಗಿದಂತೆಯೇ. ಆದುದರಿಂದ ತಿರುಗಿ ನಿಲ್ಲಬೇಕಾದ ದಿಕ್ಕಿನಲ್ಲಿ ಒಂದು ಗುರುತನ್ನು ಮೊದಲೇ ಆರಿಸಿಕೊಂಡು, ದೇಹಕ್ಕಿಂತ ಮುಂಚೆ ತಲೆಯನ್ನು ಆ ಕಡೆಗೆ ಹೊರಳಿಸಿ, ಗುರುತನ್ನು ಕಣ್ಣಿನಿಂದ ಹಿಡಿಯಬೇಕು. ಬ್ಯಾಲೆ ನರ್ತಕಿಯರೂ ಹೀಗೆಯೇ ಮಾಡುತ್ತಾರೆ. ಚೀನೀ ಪರಂಪರೆಯಲ್ಲಿ ಕೈ, ಕಣ್ಣು, ದೇಹಚಲನೆ, ಹೆಜ್ಜೆ ಎಂದು ಎಣಿಸುವಾಗ ಕಣ್ಣಿಗೆ ಎರಡನೆಯ ಸ್ಥಾನ ಕೊಟ್ಟಿರುವುದು ಅರ್ಥವತ್ತಾಗಿದೆ.

ಅಭ್ಯಾಸದಿಂದ ಇವೆಲ್ಲ ಬದಲಾಗುತ್ತವೆಯೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ೨೯ ನರ್ತಕಿಯರನ್ನೂ ೨೦ ದೋಣಿ ಹುಟ್ಟುಗಾರ್ತಿಯರನ್ನೂ ಕತ್ತಲೆಯಲ್ಲಿ ಕುರ್ಚಿಯ ಮೇಲೆ ತಿರುಗಿಸಿ ಪರೀಕ್ಷಿಸಿದರು. ನಿಲ್ಲಿಸಿದ ಬಳಿಕ ಸುತ್ತುತ್ತಿರುವ ಭಾವನೆಯು ನರ್ತಕಿಯರಲ್ಲಿ ಬೇಗ ಅಡಗಿತು. ವರ್ಷಗಟ್ಟಲೆ ತರಬೇತಿ ಪಡೆದವರ ಮಿದುಳು ಕಿವಿಯ ತಪ್ಪು ಸಮಾಚಾರವನ್ನು ಬದಿಗೊತ್ತಲು ಕಲಿಯುತ್ತದೆಂದು ಅವರು ೨೦೧೩ರಲ್ಲಿ ವರದಿ ಮಾಡಿದರು. ಇನ್ನೊಂದು ಸಾಕ್ಷ್ಯವು ವೃದ್ಧರದು. ಅಮೆರಿಕದ ಅಟ್ಲಾಂಟಾ ನಗರದಲ್ಲಿ ೭೦ ವರ್ಷ ದಾಟಿದ ೨೦೦ ಮಂದಿಯನ್ನು ಸೇರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ ೧೯೯೬ರಲ್ಲಿ ಪ್ರಕಟವಾಯಿತು. ಅವರಲ್ಲಿ ೧೫ ವಾರ ತಾಯಿ ಚಿ ಕಲಿತವರು ಪದೇಪದೇ ಬೀಳುವ ಸಂಭವವು ನೂರಕ್ಕೆ ೪೭.೫ರಷ್ಟು ಕಡಮೆಯಾಗಿತ್ತು. ಎಪ್ಪತ್ತು ದಾಟಿದವರು ಕಲಿಯಬಲ್ಲ ಸಮತೋಲವನ್ನು ಹದಿನೆಂಟರವನು ಹುಟ್ಟಿನ ಹಣೆಬರಹವೆಂದು ಬಿಟ್ಟುಕೊಡುವುದ್ಯಾಕೆ?

ಅಭ್ಯಾಸದ ಕ್ರಮ

ಇಷ್ಟು ವಿಚಾರಗಳನ್ನು ಒಂದು ಸೂತ್ರದಲ್ಲಿ ಅಡಕಿಸಬಹುದು: ಅಗಲದಲ್ಲಿ ಆರಂಭ, ಕಿರಿದರಲ್ಲಿ ತಿರುವು, ಅಗಲದಲ್ಲಿ ಮುಕ್ತಾಯ. ಎರಡು ಕಾಲುಗಳಿಂದ ತಳ್ಳಬೇಕು; ಭಾರವನ್ನು ಒಂದು ಕಾಲಿಗೆ ದಾಟಿಸಿ ಕಿರಿದಾದ ಜಾಗದ ಮೇಲೆ ಹೊರಳಬೇಕು; ಎರಡು ಕಾಲುಗಳ ಮೇಲೆ ಇಳಿದು ನಿಲ್ಲಬೇಕು. ಅಭ್ಯಾಸವನ್ನು ಹೀಗೆ ಕ್ರಮಪಡಿಸಬಹುದು.

೧. ಗೋಡೆಯ ಬಳಿ ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು. ಎರಡೂ ಕಾಲುಗಳಿಗೂ ಸಮಾನವಾದ ಅಭ್ಯಾಸ ಬೇಕು.

೨. ಸೀಮೆಸುಣ್ಣದ ಗೆರೆಯ ಮೇಲೆ, ತಿರುಗದೆ, ಹಿಂಗಾಲನ್ನು ಅಡ್ಡಲಾಗಿ ಸರಿಸುವುದನ್ನು ಮಾತ್ರ ಕಲಿಯುವುದು.

೩. ಕಾಲು ಸುತ್ತು, ಅಂದರೆ ೯೦ ಡಿಗ್ರಿ, ಬಹು ನಿಧಾನವಾಗಿ ತಿರುಗಿ, ಮೂರು ಎಣಿಸುವವರೆಗೆ ಅಲುಗದೆ ನಿಲ್ಲುವುದು. ನಿಧಾನವಾಗಿ ಮಾಡಲಾಗದುದನ್ನು ವೇಗವು ಮರೆಸುತ್ತದೆಯೇ ಹೊರತು ತಿದ್ದುವುದಿಲ್ಲ.

೪. ಬಳಿಕ ಅರ್ಧ ಸುತ್ತು. ಚಾವಣಿಯಿಂದ ಒಂದು ತೂಗುಗುಂಡನ್ನು ಇಳಿಬಿಟ್ಟು ಅದರ ಮುಂದೆ ತಿರುಗಿದರೆ, ತಲೆಯು ಲಂಬರೇಖೆಯನ್ನು ಬಿಟ್ಟು ಹೋಗುತ್ತದೆಯೇ ಎಂಬುದನ್ನು ಎದುರು ನಿಂತ ಗೆಳೆಯನು ಹೇಳಬಲ್ಲನು.

೫. ನೆಗೆತವು ಕೊನೆಯದು, ಅದೂ ಬಲ್ಲ ಗುರುವಿನ ಎದುರಿನಲ್ಲಿ ಮಾತ್ರ.

ಮೊಣಕಾಲಿನಲ್ಲಿ ನೋವಾಗಲಿ ಬಾವಾಗಲಿ ಕಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನಮ್ಮ ವಿದ್ಯಾರ್ಥಿಯನ್ನೂ ಮೊದಲು ಅಲ್ಲಿಗೇ ಕಳುಹಿಸಿದೆವು. ಅದೃಷ್ಟವಶಾತ್ ಏನೂ ಹರಿದಿರಲಿಲ್ಲ. ಕೆಲವು ವಾರಗಳ ವಿಶ್ರಾಂತಿಯ ಅನಂತರ ಆತನು ಗೆರೆಯಿಂದ ಮತ್ತೆ ಆರಂಭಿಸಿದನು. ಈಗ ನೆಲದ ಮೇಲಿನ ತಿರುವಿನಲ್ಲಿ ತೂರಾಟವಿಲ್ಲ. ಸುಂಟರಗಾಳಿ ಒದೆಯು ಇನ್ನೂ ದೂರವೇ ಇದೆ. ಅದಕ್ಕೆ ಆತನಿಗೆ ಅವಸರವೂ ಇಲ್ಲ. ಪ್ರಯೋಗಶಾಲೆಯ ಹೊರಗಿನ ಪಡಸಾಲೆಯಲ್ಲಿ ಸಂಜೆಯ ಹೊತ್ತು ಒಂದು ಬಿಳಿ ಗೆರೆಯೂ ಅದರ ಇಕ್ಕೆಲದಲ್ಲಿ ಪಾದದ ಗುರುತುಗಳೂ ಕಾಣುತ್ತವೆ. ಜವಾನನು ಬೆಳಗ್ಗೆ ಅವನ್ನು ಒರೆಸುತ್ತಾನೆ. ಸಂಜೆ ಅವು ಮತ್ತೆ ಮೂಡುತ್ತವೆ. ಶಾವೊಲಿನ್ನಿನ ನೆಲದಂತೆ ನಮ್ಮ ಪಡಸಾಲೆ ತಗ್ಗುವುದಿಲ್ಲ. ಆದರೆ ಕಾಲವನ್ನೂ ಶ್ರಮವನ್ನೂ ವ್ಯಯಿಸಿ ಗಳಿಸುವ ಕೌಶಲವೆಂಬ ಆ ಹಳೆಯ ಮಾತಿನ ಅರ್ಥವು ಅಲ್ಲಿಯೂ ನಿತ್ಯವೂ ಕಾಣುತ್ತಿದೆ.